ಡಿಸೈನ್ ಥಿಂಕಿಂಗ್ ವರ್ಕ್‌ಶಾಪಿಗೆ ಕೊಟ್ಟ 900 ರೂಪಾಯಿ ದಂಡ ಆಯಿತಾ?

ಮೊದಲೇ ಹೇಳಿಬಿಡುತ್ತೇನೆ, ಐದರಲ್ಲಿ ಮೂರು ಸ್ಟಾರ್. ಎರಡು ಮೊದಲ ದಿನ ಬೆಳಗಿನ ಪಾಠಕ್ಕೆ, ಒಂದು ಊಟಕ್ಕೆ. ಉಳಿದ ಎರಡನ್ನು ಯಾಕೆ ಕೊಡಲಿಲ್ಲ ಅಂತ ಕೆಳಗೆ ಬರೆದಿದ್ದೇನೆ. ಸ್ವಲ್ಪ ಉದ್ದ ಆಗಿದೆ, ಚಾ ಇಟ್ಟುಕೊಂಡು ಓದಿ.

ನಡೆಸಿದವರ ಹೆಸರು ಬರೆಯುವುದಿಲ್ಲ. ಹುಡುಗರು ಒಳ್ಳೆಯವರು, ಹೊರಗಿನಿಂದ ಬಂದವರು, ಮತ್ತೆ ಹೋದವರಿಗೆ ಹೇಗೂ ಗೊತ್ತಾಗುತ್ತದೆ. ಕಾಸರಗೋಡಿನ ಬದಿಯಡ್ಕ ಹತ್ತಿರದ ಒಂದು ವಾಚನಾಲಯದ ಹಾಲಿನಲ್ಲಿ ಶನಿವಾರ, ಆದಿತ್ಯವಾರ ಎರಡು ದಿನ. ಡಿಸೈನ್ ಥಿಂಕಿಂಗ್, ಅಂದರೆ ಜನರ ಕಷ್ಟವನ್ನು ಮೊದಲು ಅರ್ಥ ಮಾಡಿಕೊಂಡು ಆಮೇಲೆ ಉಪಾಯ ಹುಡುಕುವ ಕ್ರಮ, ಅದನ್ನು ಬಳಸಿ ಊರಿನ ಸಮಸ್ಯೆ ಬಗೆಹರಿಸುವುದು ಹೇಗೆ ಅನ್ನುವುದು ವಿಷಯ. ಫೀಸು 900, ಊಟ ಚಾ ಸೇರಿ. ನಾವು 26 ಮಂದಿ ಇದ್ದೆವು. ಕುಟುಂಬಶ್ರೀ ಅನ್ನುವ ಕೇರಳದ ಹೆಂಗಸರ ಸ್ವಸಹಾಯ ಸಂಘದ ಅಕ್ಕಂದಿರು, ಇಬ್ಬರು ಆಶಾ ಕಾರ್ಯಕರ್ತೆಯರು, ಕಾಲೇಜು ಮಕ್ಕಳು, ಒಬ್ಬರು ರಿಟೈರ್ಡ್ ಮಾಷ್ಟ್ರು, ಮತ್ತೆ ನಾನು.

ನನ್ನದು ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಜೆರಾಕ್ಸ್ ಅಂಗಡಿ. ಬೋರ್ಡಿನಲ್ಲಿ ಜೆರಾಕ್ಸ್ ಅಂತ ಉಂಟು, ದಿನವಿಡೀ ಮಾಡುವ ಕೆಲಸ ಮಾತ್ರ ಅರ್ಜಿ ತುಂಬಿಸುವುದು. ಬರುವವರ ಬಾಯಲ್ಲಿ ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಎಲ್ಲ ಉಂಟು. ಕೈಯಲ್ಲಿರುವ ಅರ್ಜಿ ಹೆಚ್ಚಾಗಿ ಮಲಯಾಳದ್ದು. ನನ್ನ ಅಂಗಡಿಯ ಮಾಳಿಗೆಯಲ್ಲೇ ಪೆನ್ಶನ್ ಮಸ್ಟರಿಂಗ್ ಮಾಡುವ ಒಂದು ಕೇಂದ್ರ ಉಂಟು. ಗಡಿ ಆಚೆಯವರಿಗೆ ಇದು ಗೊತ್ತಿರಲಿಕ್ಕಿಲ್ಲ. ಕೇರಳದಲ್ಲಿ ವೃದ್ಧಾಪ್ಯ, ವಿಧವಾ ಪೆನ್ಶನ್ ಸಿಗುವವರು ಬೆರಳಚ್ಚು ಕೊಟ್ಟು, ತಾವಿನ್ನೂ ಬದುಕಿದ್ದೇವೆ ಅಂತ ತೋರಿಸಬೇಕು. ಕೇಂದ್ರಕ್ಕೆ ಹೋದರೆ 30 ರೂಪಾಯಿ, ಹಾಸಿಗೆ ಹಿಡಿದವರ ಮನೆಗೆ ಅವರೇ ಬಂದರೆ 50. ಆ ಸೀಸನ್ ಬಂತೆಂದರೆ ನಮ್ಮ ಮೆಟ್ಟಿಲಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಇದಕ್ಕೆ ಏನಾದರೂ ದಾರಿ ಸಿಗಬಹುದಾ ಅಂತ ನೋಡಲಿಕ್ಕೇ ನಾನು ಹೋದದ್ದು.

ಮೊದಲ ಎಡವಟ್ಟು ಹೆಸರು ನೋಂದಾಯಿಸುವಾಗಲೇ ಆಯಿತು. ಗೂಗಲ್ ಫಾರ್ಮ್, ಅದೂ ಇಂಗ್ಲಿಷಿನಲ್ಲಿ. ಜನರ ಕಷ್ಟವನ್ನು ಜನರ ಕಣ್ಣಿನಿಂದ ನೋಡಬೇಕು ಅಂತ ಪೋಸ್ಟರಿನಲ್ಲಿ ದೊಡ್ಡದಾಗಿ ಬರೆದಿದ್ದರು, ಕೆಳಗೆ ಕ್ಯೂಆರ್ ಕೋಡು! ಆ ವಾರ ಕುಟುಂಬಶ್ರೀಯ ನಾಲ್ಕು ಅಕ್ಕಂದಿರ ಫಾರ್ಮು ತುಂಬಿಸಿದ್ದು ನಾನೇ, ಒಂದಕ್ಕೆ 20 ರೂಪಾಯಿಯ ಹಾಗೆ. ಹಾಗಾಗಿ ವರ್ಕ್‌ಶಾಪ್ ಶುರುವಾಗುವ ಮೊದಲೇ ನನಗೆ 80 ರೂಪಾಯಿ ಲಾಭ.

ಈಗ ಒಳ್ಳೆಯದು ಹೇಳುತ್ತೇನೆ. ಶನಿವಾರ ಬೆಳಗ್ಗೆ ಹತ್ತರಿಂದ ಒಂದರವರೆಗಿನ ಪಾಠ ನಿಜಕ್ಕೂ ಗಮ್ಮತ್ತಿತ್ತು. ಐದು ಹಂತ ಅಂತ ಹೇಳಿದರು: ಮೊದಲು ಜನರನ್ನು ಅರ್ಥ ಮಾಡಿಕೊಳ್ಳುವುದು, ಆಮೇಲೆ ಸಮಸ್ಯೆ ಯಾವುದೆಂದು ಸರಿಯಾಗಿ ಬರೆಯುವುದು, ಉಪಾಯಗಳನ್ನು ಯೋಚಿಸುವುದು, ಕಡಿಮೆ ಖರ್ಚಿನಲ್ಲಿ ಒಂದು ಮಾದರಿ ಮಾಡುವುದು, ಅದನ್ನು ಜನರ ಕೈಗೆ ಕೊಟ್ಟು ನೋಡುವುದು. ಓದಿದರೆ ಇದರಲ್ಲಿ ಎಂತ ಹೊಸತು ಅಂತ ಅನಿಸುತ್ತದೆ. ನನಗೂ ಅನಿಸಿತು. ಮೊದಲ ಹಂತಕ್ಕೆ ಸ್ಲೈಡಿನಲ್ಲಿ ಸಹಾನುಭೂತಿ ಅಂತ ಕನ್ನಡ ಹಾಕಿದ್ದರು, ಅದು ನನಗೆ ಸರಿ ಕಾಣಲಿಲ್ಲ. ನಮ್ಮಲ್ಲಿ ಸಹಾನುಭೂತಿ ಅಂದರೆ ಪಾಪ ಅನ್ನುವುದು. ಸತ್ತ ಮನೆಗೆ ಹೋಗಿ ಹೇಳುವುದು. ಇವರು ಹೇಳುತ್ತಿದ್ದದ್ದು ಬೇರೆ, ಅವರ ಜಾಗದಲ್ಲಿ ನಿಂತು ನೋಡುವುದು.

ಹೇಳಿದ ಕಥೆ ಮಾತ್ರ ಮನಸ್ಸಿನಲ್ಲಿ ಉಳಿಯಿತು. 2007ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಒಂದು ಕ್ಲಾಸಿನಲ್ಲಿ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಟ್ಟರಂತೆ. ದಿನ ತುಂಬದೆ ಹುಟ್ಟಿದ ಮಕ್ಕಳಿಗೆ ಕಡಿಮೆ ಬೆಲೆಯ ಇನ್‌ಕ್ಯುಬೇಟರ್ ಮಾಡಬೇಕು. ಅವರಲ್ಲಿ ಒಬ್ಬ ನೇಪಾಳಕ್ಕೆ ಹೋಗಿ ನೋಡಿದರೆ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್‌ಗಳು ಸುಮ್ನೆ ಖಾಲಿ ಬಿದ್ದಿದ್ದವು. ಮಕ್ಕಳು ಹುಟ್ಟುತ್ತಿದ್ದದ್ದು ದೂರದ ಹಳ್ಳಿಗಳಲ್ಲಿ. ಮೆಷಿನಿನ ಬೆಲೆ ಇಳಿಸಿ ಪ್ರಯೋಜನ ಇಲ್ಲ, ಕರೆಂಟಿಲ್ಲದ ಮನೆಯಲ್ಲೂ ಮಗುವನ್ನು ಬೆಚ್ಚಗೆ ಇಡುವ ವಸ್ತು ಬೇಕು ಅಂತ ಆಗ ಗೊತ್ತಾಯಿತು. ಕೊನೆಗೆ ಮಾಡಿದ್ದು ಸಣ್ಣ ಮಲಗುವ ಚೀಲದಂಥ ಒಂದು ವಸ್ತು. ಒಳಗೆ ಮೇಣದಂಥ ಪದಾರ್ಥದ ಪೊಟ್ಟಣ, ಒಮ್ಮೆ ಕಾಯಿಸಿದರೆ ಕೆಲವು ಗಂಟೆ 37 ಡಿಗ್ರಿಯಲ್ಲೇ ಇರುತ್ತದೆ. ಎಂಬ್ರೇಸ್ ಅಂತ ಹೆಸರು.

ಇದರ ಬಾಲ ಇನ್ನೂ ಚಂದ. ಮಾದರಿಯನ್ನು ಮಹಾರಾಷ್ಟ್ರದ ಒಂದು ಹಳ್ಳಿಗೆ ತಂದು ತೋರಿಸಿದಾಗ ಒಬ್ಬ ತಾಯಿ, ಇಂಗ್ಲಿಷ್ ಮದ್ದು ಭಾರೀ ಜೋರು, ಅದಕ್ಕೆ ಡಾಕ್ಟರು ಹೇಳಿದ್ದರಲ್ಲಿ ಅರ್ಧವೇ ಕೊಡುವುದು ಅಂದಳಂತೆ. ಹಾಗಾದರೆ ಈ ಚೀಲವನ್ನೂ 37ರ ಬದಲು 30 ಡಿಗ್ರಿಗೆ ಕಾಯಿಸಿದರೆ ಸಾಕು ಅಂತ ಮಾಡುವವಳೇ. ಆಮೇಲೆ ಅವರು ನಂಬರನ್ನೇ ತೆಗೆದು, ಸರಿ ಆಯಿತು ಅಂತ ತೋರಿಸುವ ಒಂದು ಗುರುತು ಮಾತ್ರ ಇಟ್ಟರು. ಇದನ್ನು ಕೇಳಿ ಆಶಾ ಕಾರ್ಯಕರ್ತೆ ಅಕ್ಕ ಒಬ್ಬರು ಜೋರಾಗಿ ನಕ್ಕರು. "ನಮ್ಮಲ್ಲೂ ಅರ್ಧವೇ ಕೊಡುವುದು ಸರ್, ಕೇಳಿದರೆ ಪೂರ್ತಿ ಕೊಟ್ಟೆ ಅಂತಲೇ ಹೇಳುವುದು."

ಆಮೇಲೆ ಪ್ರಶ್ನೆ ಕೇಳುವ ಅಭ್ಯಾಸ. ಇದಕ್ಕೇ ನಾನು ಎರಡು ಸ್ಟಾರ್ ಕೊಟ್ಟದ್ದು. ನಿಮಗೆ ಇದು ಬೇಕಾ ಅಂತ ಕೇಳಬಾರದು, ಬೇಕು ಅಂತಲೇ ಹೇಳುತ್ತಾರೆ, ಕೇಳಿದವರಿಗೆ ಬೇಜಾರಾಗಬಾರದಲ್ಲ. ಹಿಂದಿನ ಸಲ ಹೋದದ್ದು ಯಾವಾಗ, ಅವತ್ತು ಬೆಳಗ್ಗೆ ಎದ್ದಲ್ಲಿಂದ ಹೇಳಿ ಅನ್ನಬೇಕು. ಕೇಳಿದ ಮೇಲೆ ಬಾಯಿ ಮುಚ್ಚಿ ಕೂರಬೇಕು. ಸುಲಭ ಅಂತ ಕಂಡಿತು, ಮಾಡಿ ನೋಡಿದರೆ ನನ್ನಿಂದ ಆಗುವುದೇ ಇಲ್ಲ ಮಾರಾಯ್ರೆ! ಮಾಷ್ಟ್ರ ಜೊತೆ ಕೂತು ಐದು ನಿಮಿಷದ ಅಭ್ಯಾಸ ಮಾಡಿದೆ, ಅದರಲ್ಲಿ ನಾಲ್ಕು ನಿಮಿಷ ನಾನೇ ಮಾತಾಡಿದ್ದೆ. ಅಂಗಡಿಯಲ್ಲಿ 14 ವರ್ಷ ಹೀಗೇ ಮಾಡಿದ್ದೇನೆ ಅಂತ ಹೊಳೆದು ಸ್ವಲ್ಪ ನಾಚಿಕೆಯೂ ಆಯಿತು.

ಊಟ ಕುಚ್ಚಲಕ್ಕಿ ಅನ್ನ, ಸೌತೆಕಾಯಿ ಸಾಂಬಾರು, ಹೆಸರುಕಾಳಿನ ಪಲ್ಯ, ಪಾಯಸ. ಎರಡನೆಯ ಸಲ ಪಾಯಸ ಕೇಳಿದರೂ ಮುಖ ಸಿಂಡರಿಸಲಿಲ್ಲ. ಒಂದು ಸ್ಟಾರ್.

ಊಟದ ಮೇಲೆ ಎಲ್ಲ ಹಾಳಾಯಿತು. ಬಣ್ಣ ಬಣ್ಣದ ಅಂಟು ಚೀಟಿ ಹಂಚಿದರು. ನಾಲ್ಕು ಗುಂಪು ಮಾಡಿ, ಪ್ರತಿ ಗುಂಪೂ ಒಬ್ಬ ಕಾಲ್ಪನಿಕ ವ್ಯಕ್ತಿಯನ್ನು ಮಾಡಬೇಕು, ಹೆಸರು, ವಯಸ್ಸು, ಕನಸು, ಭಯ ಎಲ್ಲ ಬರೆಯಬೇಕು ಅಂದರು. ನಮ್ಮ ಗುಂಪಿನಲ್ಲಿ ಕಾಲೇಜು ಹುಡುಗರು ಕಮಲಮ್ಮ ಅಂತ ಒಬ್ಬಳನ್ನು ಮಾಡಿದರು. ವಯಸ್ಸು 62, ಬೀಡಿ ಕಟ್ಟುವವಳು. ಕನಸು: ಮೊಮ್ಮಗಳನ್ನು ಓದಿಸುವುದು. ಭಯ: ಮೊಬೈಲ್. ಇದನ್ನು ಬರೆಯುವಾಗ ನಮಗೆ ಚಾ ಕೊಡುತ್ತಿದ್ದ ಅಕ್ಕನ ವಯಸ್ಸು ಹೆಚ್ಚು ಕಡಿಮೆ ಅಷ್ಟೇ. ಉಳಿದ ದಿನ ಅವರು ಬೀಡಿ ಕಟ್ಟುವವರೇ. ಮೊಬೈಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು, ಚಾ ಕುದಿಯುವಾಗ ಅಡುಗೆ ಕೋಣೆಯಲ್ಲಿ ಕೂತು ಅದರಲ್ಲೇ ಯಕ್ಷಗಾನ ನೋಡುತ್ತಿದ್ದರು. ಎರಡು ದಿನದಲ್ಲಿ ಅವರನ್ನು ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಗೋಡೆ ತುಂಬ ಅಂಟಿಸಿದ ಚೀಟಿ ನೋಡಿ ಅವರೇ ನನ್ನ ಹತ್ತಿರ ಮೆಲ್ಲ ಕೇಳಿದರು, "ಇದೆಲ್ಲ ಗುಡಿಸುವುದು ನಾನೇ ಅಲ್ವಾ ಮಗಾ?"

ಇನ್ನೊಂದು ಗುಂಪಿನವರು ಎಂಡೋಸಲ್ಫಾನ್ ಅನ್ನುವ ಕೀಟನಾಶಕದ ಸಂತ್ರಸ್ತರ ಮನೆಗಳನ್ನು ವಿಷಯ ಮಾಡಿಕೊಳ್ಳುತ್ತೇವೆ ಅಂದರು. ಆದಿತ್ಯವಾರ ಬೆಳಗ್ಗೆ ಎರಡು ಗಂಟೆಯಲ್ಲಿ ನಾಲ್ಕು ಮನೆಗೆ ಹೋಗಿ ಬರುವುದು ಅಂತ ಪ್ಲಾನು. ಅಷ್ಟು ಹೊತ್ತು ಸುಮ್ಮನಿದ್ದ ಮಾಷ್ಟ್ರು ಆಗ ಎದ್ದರು. ಗೇರು ತೋಟಗಳಿಗೆ ಹೆಲಿಕಾಪ್ಟರಿನಲ್ಲಿ ಮದ್ದು ಬಿಟ್ಟದ್ದು 1970ರ ದಶಕದ ಕೊನೆಯಿಂದ 2000ದವರೆಗೆ. ಕೆಳಗೆ ಮನೆ ಉಂಟು, ತೋಡು ಉಂಟು, ಗುಡ್ಡ ಕೊರೆದು ತಂದ ಸುರಂಗದ ನೀರು ಉಂಟು ಅಂತ ಆಗ ಮೇಲಿನವರಿಗೆ ಕಾಣಲಿಲ್ಲ. ನಂತರ ಆ ಮನೆಗಳಿಗೆ ಪ್ರಶ್ನೆ ಹಿಡಿದುಕೊಂಡು ಬಂದವರು ಎಷ್ಟು ಮಂದಿ ಅಂತ ಲೆಕ್ಕ ಇಲ್ಲ, ಒಂದೇ ಕಥೆಯನ್ನು ತಾಯಂದಿರು ಎಷ್ಟು ಸಲ ಹೇಳಬೇಕು ಅಂತ ಕೇಳಿದರು. ಪಡ್ರೆಯಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದ ಡಾಕ್ಟರ್ ಮೋಹನ ಕುಮಾರರ ಮಾತು ತೆಗೆದರು. ಅವರು ವರ್ಷಗಟ್ಟಲೆ ಅದೇ ಜನರಿಗೆ ಮದ್ದು ಕೊಡುತ್ತಾ, ಒಂದೇ ಊರಿನಲ್ಲಿ ಇಷ್ಟು ವಿಚಿತ್ರ ಕಾಯಿಲೆ ಯಾಕೆ ಅಂತ ಗಮನಿಸಿದವರು. "ಅದಕ್ಕೆ ವರ್ಷಗಳು ಬೇಕಾಯಿತು, ನಿಮಗೆ ಎರಡು ಗಂಟೆ ಸಾಕಾ?" ಅಂದರು ಮಾಷ್ಟ್ರು. ಹಾಲಿನಲ್ಲಿ ಫ್ಯಾನಿನ ಸದ್ದು ಮಾತ್ರ ಕೇಳುತ್ತಿತ್ತು. ನಡೆಸುವವರು ಆ ವಿಷಯ ಕೈಬಿಟ್ಟರು, ತಪ್ಪಾಯಿತು ಅಂತಲೂ ಹೇಳಿದರು. ಅದಕ್ಕೆ ಅವರನ್ನು ಮೆಚ್ಚಬೇಕು.

ನನ್ನ ಇನ್ನೊಂದು ತಕರಾರು, ಸೋತ ಕಥೆ ಒಂದೂ ಹೇಳಲಿಲ್ಲ. ಮನೆಗೆ ಬಂದು ಹುಡುಕಿದರೆ ಬೇಕಾದಷ್ಟು ಸಿಕ್ಕಿತು. ದಕ್ಷಿಣ ಆಫ್ರಿಕಾದಲ್ಲಿ ಪ್ಲೇಪಂಪ್ ಅಂತ ಒಂದು ಮಾಡಿದ್ದರು. ಮಕ್ಕಳು ತಿರುಗುವ ಆಟದ ಚಕ್ರಕ್ಕೆ ಪಂಪು ಜೋಡಿಸಿ, ಮಕ್ಕಳು ಆಡಿದರೆ ನೀರು ಮೇಲೆ ಬರುವ ಹಾಗೆ. ಕೇಳಲು ಎಷ್ಟು ಚಂದ ಅಲ್ವಾ? 2006ರಲ್ಲಿ ಅಮೆರಿಕದಲ್ಲಿ 1 ಕೋಟಿ 64 ಲಕ್ಷ ಡಾಲರ್ ಕೊಡುತ್ತೇವೆ ಅಂತ ಘೋಷಣೆಯೂ ಆಯಿತು. ಆಮೇಲೆ ಮಕ್ಕಳಿಗೆ ಬೇಜಾರಾಗಿ ಬಿಟ್ಟುಬಿಟ್ಟರು, ದೊಡ್ಡ ಹೆಂಗಸರು ಆ ಚಕ್ರವನ್ನು ಕೈಯಲ್ಲಿ ತಿರುಗಿಸಬೇಕಾಯಿತು. ಹೇಳಿದಷ್ಟು ಜನರಿಗೆ ನೀರು ಕೊಡಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕು ಅಂತ 2009ರಲ್ಲಿ ಗಾರ್ಡಿಯನ್ ಪತ್ರಿಕೆ ಲೆಕ್ಕ ಹಾಕಿತ್ತು. ಈ ಕಥೆಯನ್ನು ಶನಿವಾರ ಬೆಳಗ್ಗೆಯೇ ಹೇಳಿದ್ದರೆ ಮಧ್ಯಾಹ್ನದ ಕಮಲಮ್ಮ ಹುಟ್ಟುತ್ತಿರಲಿಲ್ಲ.

ನಮ್ಮ ಊರಿನ ಸುರಂಗದ ಮಾತನ್ನೂ ಯಾರೂ ಎತ್ತಲಿಲ್ಲ. ಬಾಯಾರು, ಎಣ್ಮಕಜೆ ಕಡೆ ಮುರಕಲ್ಲಿನ ಗುಡ್ಡಕ್ಕೆ ಅಡ್ಡ ಕೊರೆದು ನೀರು ತಂದವರು ಇದ್ದಾರೆ. ಒಬ್ಬ ಬಗ್ಗಿ ಹೋಗುವಷ್ಟೇ ಅಗಲ. ಒಳಗೆ ದೀಪ ಆರಿದರೆ ಗಾಳಿ ಇಲ್ಲ ಅಂತ ಹೊರಗೆ ಬರುವುದು. ನೀರು ತಾನಾಗಿ ಹರಿದು ಅಂಗಳಕ್ಕೆ ಬರುತ್ತದೆ, ಸೇದುವ ಕೆಲಸ ಇಲ್ಲ, ಕರೆಂಟು ಬಿಲ್ಲೂ ಇಲ್ಲ. ಅವರಿಗೆ ಯಾರೂ ಅಂಟು ಚೀಟಿ ಕೊಟ್ಟಿರಲಿಲ್ಲ.

ಇರಲಿ. ಕಲಿತದ್ದು ಉಪಯೋಗಕ್ಕೆ ಬಂತಾ ಅಂತ ಕೇಳಿದರೆ ಬಂತು, ಅದಕ್ಕೇ ಈ ರಿವ್ಯೂ ಬರೆಯಲು ಒಂದೂವರೆ ತಿಂಗಳು ಕಾದದ್ದು.

ನಾನು, ಮಾಷ್ಟ್ರು, ಒಬ್ಬಳು ಕಾಲೇಜು ಹುಡುಗಿ ಸೇರಿ ಮಸ್ಟರಿಂಗ್ ವಿಷಯ ಹಿಡಿದೆವು. ಸಮಸ್ಯೆ ಭಾಷೆಯದ್ದು ಅಂತ ನನಗೆ ನೂರಕ್ಕೆ ನೂರು ಖಾತ್ರಿ ಇತ್ತು. ಕನ್ನಡದಲ್ಲೇ ಅರ್ಜಿ ಕೊಡಲು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಕಾಲದಿಂದಲೇ ನಮಗೆ ಹಕ್ಕು ಉಂಟು, ಆದರೂ ಗೋಡೆಯ ನೋಟೀಸು ಮಲಯಾಳದಲ್ಲೇ ಇರುತ್ತದೆ. ಅದಕ್ಕೆ ದೊಡ್ಡ ಅಕ್ಷರದಲ್ಲಿ ಕನ್ನಡ ಪೋಸ್ಟರ್ ಮಾಡಿ ಮೆಟ್ಟಿಲ ಹತ್ತಿರ ಅಂಟಿಸಿದೆ, ನಾಲ್ಕು ಬಣ್ಣ, ಲ್ಯಾಮಿನೇಷನ್ ಬೇರೆ. ಮೂರು ದಿನ ನೋಡಿದೆ. ಒಬ್ಬರೂ ಓದಲಿಲ್ಲ. ಒಬ್ಬರು ಅದಕ್ಕೆ ಒರಗಿ ಬೀಡಿ ಸೇದಿದರು. ಹೆತ್ತವರಿಗೆ ಹೆಗ್ಗಣ ಮುದ್ದು, ನನಗೆ ಅದನ್ನು ಕಿತ್ತು ತೆಗೆಯಲು ಮನಸ್ಸೇ ಬರಲಿಲ್ಲ.

ನಾಲ್ಕನೆಯ ದಿನ ಸುಮ್ನೆ ಕೂತು ನೋಡುವುದು ಅಂತ ತೀರ್ಮಾನ ಮಾಡಿದೆ. ಎಂಟೂಕಾಲರ ಬಸ್ಸಿಗೆ ಒಬ್ಬರು ಅಜ್ಜಿ ಇಳಿದರು. ಕೈಯಲ್ಲಿ ಪ್ಲಾಸ್ಟಿಕ್ ತೊಟ್ಟೆ, ತೊಟ್ಟೆಯೊಳಗೆ ಇನ್ನೊಂದು ತೊಟ್ಟೆ, ಅದರೊಳಗೆ ರೇಷನ್ ಕಾರ್ಡು, ಆಧಾರು, ಬ್ಯಾಂಕಿನ ಪುಸ್ತಕ, ತೀರಿಹೋದ ಗಂಡನ ಫೋಟೋ, ಎಲ್ಲ ಸರಿಯಾಗಿಯೇ ಇತ್ತು. ಕಾಗದ ತಾರದೆ ಜನ ವಾಪಸ್ ಹೋಗುತ್ತಾರೆ ಅಂತ ನಾನು ಅಂದುಕೊಂಡದ್ದು ಅಲ್ಲಿಗೇ ಸುಳ್ಳಾಯಿತು. ಮಾಳಿಗೆಗೆ 17 ಮೆಟ್ಟಿಲು. ಒಂಬತ್ತನೆಯದರಲ್ಲಿ ನಿಂತು ಗೋಡೆ ಹಿಡಿದರು. ಇಷ್ಟು ವರ್ಷ ನಾನು ಆ ಮೆಟ್ಟಿಲು ಎಣಿಸಿಯೇ ಇರಲಿಲ್ಲ. ಮೇಲೆ ಹೋದರೆ ಬಾಗಿಲು ಹಾಕಿತ್ತು, ತೆರೆಯುವುದು ಹತ್ತಕ್ಕೆ. ಮತ್ತೆ ಇಳಿದು ನನ್ನ ಬೆಂಚಿನಲ್ಲಿ ಕೂತರು. ಹತ್ತಾಗುವಾಗ ಸ್ಕೂಟರಿನಲ್ಲಿ ಬಂದ ಮಕ್ಕಳು ಮರಿಗಳೆಲ್ಲ ಅವರ ಮುಂದೆ ಹತ್ತಿ ಹೋದರು.

"ಹಿಂದಿನ ಸಲ ಹೇಗಾಯಿತು ಅಜ್ಜಿ, ಬೆಳಗ್ಗಿಂದ ಹೇಳಿ" ಅಂದೆ. ಅಂದು ಬಾಯಿ ಮುಚ್ಚಿದೆ. ಮೊದಲು ಅಂಥಾ ವಿಶೇಷ ಎಂತ ಇಲ್ಲ ಅಂದರು. ನಾನು ಮಾತಾಡಲಿಲ್ಲ. ಸ್ವಲ್ಪ ಹೊತ್ತು ಕಳೆದು ಅವರೇ ಶುರು ಮಾಡಿದರು. ಹೋದ ಸಲ ಮೂರು ದಿನ ಬಂದಿದ್ದರಂತೆ. ಮೊದಲ ದಿನ ಸರ್ವರ್ ಇಲ್ಲ. ಎರಡನೆಯ ದಿನ ತಮ್ಮ ಸರದಿ ಬರುವ ಹೊತ್ತಿಗೆ ಒಂದೂವರೆಯ ಬಸ್ಸು ಬಂತು. ಅದು ತಪ್ಪಿದರೆ ಮತ್ತೆ ನಾಲ್ಕಕ್ಕೆ, ಮನೆಯಲ್ಲಿ ದನ ಕಟ್ಟಿದಲ್ಲೇ ಇರುತ್ತದೆ, ಅದಕ್ಕೆ ಎದ್ದು ಹೋದರು. ಮೂರನೆಯ ದಿನ ಬೆರಳು ಹಿಡಿಯಲಿಲ್ಲ. ಐವತ್ತು ವರ್ಷ ಬೀಡಿ ಕಟ್ಟಿದ ಬೆರಳು, ಗೆರೆಯೆಲ್ಲ ಸವೆದಿದೆ. ಬೆರಳು ಕೂಡದವರು ಪಂಚಾಯತಿಗೆ ಜೀವನ ಪ್ರಮಾಣಪತ್ರ ಕೊಟ್ಟರೂ ಆಗುತ್ತದೆ, ಆದರೆ ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ, ಅವರು ಕೇಳಲಿಲ್ಲ ಅಂತ!

ಭಾಷೆಯ ಮಾತು ಬಂದೇ ಇಲ್ಲ ನೋಡಿ. ಆ ನೋವು ಸುಳ್ಳು ಅಂತ ಹೇಳುತ್ತಿಲ್ಲ, ಆ ಹಕ್ಕಿಗೆ ಇನ್ನೂ ಬಾಯಿ ಮಾಡಬೇಕು. ಆದರೆ ಈ ಅಜ್ಜಿಯ ಮೂರು ದಿನ ನುಂಗಿದ್ದು ಬಸ್ಸು, ಮೆಟ್ಟಿಲು ಮತ್ತು ಬೆರಳು.

ಹಾಗಾಗಿ ಟೋಕನ್ ಮಾಡಿದೆವು. ಬೇಗ ಬಂದವರಿಗೆ ಅಂತ ಅಲ್ಲ, ಬೇಗ ಬಸ್ಸು ಇರುವವರಿಗೆ ಮೊದಲು. ಕೇಂದ್ರದವರು ಮೊದಲು ಗೊಣಗಿದರು, ಮತ್ತೆ ಒಪ್ಪಿದರು, ಯಾಕೆಂದರೆ ದಿನಾ ಬೈಸಿಕೊಳ್ಳುವುದು ಅವರಿಗೂ ಸಾಕಾಗಿತ್ತು. ಕಾಲೇಜು ಹುಡುಗಿ ಬಣ್ಣದ ಟೋಕನ್ ಅಂದಳು. ಅಜ್ಜಿಯಂದಿರಿಗೆ ಓದುವ ಕಷ್ಟ ಬೇಡ, ಒಂದೊಂದು ಬಸ್ಸಿಗೆ ಒಂದೊಂದು ಬಣ್ಣ. ನನಗೂ ಮಾಷ್ಟ್ರಿಗೂ ಭಾರೀ ಖುಷಿ. ಮೊದಲ ದಿನ ಒಂದು ಗಂಟೆಯೊಳಗೆ ಪಂಕ್ಚರ್. ಯಾವ ಬಣ್ಣದ ಬಸ್ಸು ಅಂತ ಕೇಳಿದರೆ ಎಲ್ಲರೂ ನೀಲಿ ಅಂದರು. 2018ರಿಂದ ಕೇರಳದಲ್ಲಿ ಆರ್ಡಿನರಿ ಪ್ರೈವೇಟ್ ಬಸ್ಸಿಗೆಲ್ಲ ಒಂದೇ ನೀಲಿ ಬಣ್ಣ! ದಿನಾ ಅದೇ ಬಸ್ಸು ಹತ್ತುವ ಮೂರು ಜನ ಕೂತು ಮಾಡಿದ ಪ್ಲಾನು ಇದು.

ಮತ್ತೆ ಅವರನ್ನೇ ಕೇಳಿದೆವು, ನೀವು ಬಸ್ಸನ್ನು ಹೇಗೆ ಗುರುತು ಹಿಡಿಯುವುದು ಅಂತ. ಹಾಡು ಹಾಕುವ ಬಸ್ಸು ಒಂದು, ಕಾಲೇಜು ಮಕ್ಕಳ ಬಸ್ಸು ಇನ್ನೊಂದು, ಚಿಲ್ಲರೆಗೆ ಬೈಯುವ ಕಂಡಕ್ಟರನ ಬಸ್ಸು ಮತ್ತೊಂದು. ಈಗ ಹಳೆ ಲಗ್ನಪತ್ರಿಕೆಗಳ ಹಿಂದೆ ಅದನ್ನೇ ಬರೆದು ಕೊಡುತ್ತೇವೆ, ಹಾಡಿನ ಬಸ್ಸು 1, ಹಾಡಿನ ಬಸ್ಸು 2 ಅಂತ. ಮೆಟ್ಟಿಲು ಹತ್ತಲಾಗದವರಿಗೆ ಕೇಂದ್ರದ ಹುಡುಗಿ ಲ್ಯಾಪ್‌ಟಾಪು, ಬೆರಳಿನ ಮೆಷಿನು ಹಿಡಿದುಕೊಂಡು ಹನ್ನೊಂದಕ್ಕೊಮ್ಮೆ ಕೆಳಗೆ ಇಳಿಯುತ್ತಾಳೆ. ನನ್ನ ಕೌಂಟರಿನಲ್ಲಿ ಒಂದು ಪಾತ್ರೆ ಬಿಸಿನೀರು, ಒಂದು ಬೈರಾಸ್ ಇಟ್ಟಿದ್ದೇನೆ, ಬೆರಳು ತೊಳೆದು ಒರೆಸಿ ಇಟ್ಟರೆ ಕೆಲವರದ್ದು ಹಿಡಿಯುತ್ತದೆ, ಕೆಲವರದ್ದು ಏನು ಮಾಡಿದರೂ ಇಲ್ಲ. ಅವರಿಗೆ ಅಲ್ಲೇ ಪಂಚಾಯತಿಯ ಅರ್ಜಿ ತುಂಬಿಸಿ ಕೊಡುತ್ತೇನೆ. ಎಲ್ಲ ಸರಿಯಾಯಿತು ಅಂತ ಅಲ್ಲ. ಸ್ಕೂಟರಿನವರು ಈಗ ತಾವೂ ಹಾಡಿನ ಬಸ್ಸಿನವರೇ ಅನ್ನುತ್ತಾರೆ. ಸರ್ವರ್ ಕೈಕೊಟ್ಟ ದಿನ ಟೋಕನ್ ಬರೀ ಕಾಗದ. ಆದರೆ ಒಂದೂವರೆಗೆ ಬಸ್ಸು ಬಂತು ಅಂತ ಕೆಲಸ ಆಗದೆ ಎದ್ದು ಓಡುವವರು ಈಗ ತುಂಬ ಕಡಿಮೆ.

ಇದಕ್ಕೆಲ್ಲ ಆದ ಖರ್ಚು ಒಂದು ಮಾರ್ಕರ್ ಪೆನ್ನು. ಹಾಳಾದ ಪೋಸ್ಟರಿನ ಲ್ಯಾಮಿನೇಷನ್ ಲೆಕ್ಕಕ್ಕೆ ಹಿಡಿಯುವುದಿಲ್ಲ.

ವರ್ಕ್‌ಶಾಪಿನವರು ತಿಂಗಳ ನಂತರ ಫೋನ್ ಮಾಡಿ ವಿಚಾರಿಸುತ್ತೇವೆ ಅಂದಿದ್ದರು, ಮಾಡಲಿಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ಈಗ ಬರೀ ಗುಡ್ ಮಾರ್ನಿಂಗ್ ಹೂವು. ನಾನೇ ಟೋಕನಿನ ಫೋಟೋ ಹಾಕಿದೆ, ಮೂರು ಹೆಬ್ಬೆರಳು ಬಂತು. ಎರಡು ದಿನದ ಕೊನೆಗೆ ಕೊಟ್ಟ ಸರ್ಟಿಫಿಕೇಟ್ ಇಂಗ್ಲಿಷಿನಲ್ಲಿತ್ತು, ನನ್ನ ಹೆಸರಿನಲ್ಲಿ ಒಂದು ಅಕ್ಷರ ತಪ್ಪು. ಅದನ್ನೂ ನಾನೇ ಸ್ಕ್ಯಾನ್ ಮಾಡಿ ಸರಿ ಮಾಡಿಕೊಂಡೆ.

ಯಾರು ಹೋಗಬಹುದು ಅಂದರೆ, ಪಂಚಾಯತಿ ಮೆಂಬರುಗಳು, ಆಶಾ, ಅಂಗನವಾಡಿಯವರು, ಪಾಲಿಯೇಟಿವ್ ನರ್ಸುಗಳು, ನನ್ನ ಹಾಗೆ ಕೌಂಟರಿನಲ್ಲಿ ಕೂರುವವರು. ಇವರೆಲ್ಲ ದಿನಾ ಜನರ ಮುಖ ನೋಡುವವರು, ಆ ಪ್ರಶ್ನೆ ಕೇಳುವ ಪಾಠ ಇವರಿಗೆ ನಿಜಕ್ಕೂ ಹಿಡಿಸುತ್ತದೆ. ಸರ್ಟಿಫಿಕೇಟ್ ಆಸೆಗೆ ಹೋಗುವ ಮಕ್ಕಳಿಗೆ 900 ಜಾಸ್ತಿ. ಒಂದು ದಿನದ್ದು ಮಾತ್ರ ಮಾಡಿ 400 ತೆಗೆದುಕೊಂಡರೆ ನಾನೇ ಜನ ಸೇರಿಸಿ ಕೊಡುತ್ತೇನೆ, ಕನ್ನಡ ಸ್ಲೈಡು ಬೇಕಾದರೆ ಮಾಡಿಯೂ ಕೊಡುತ್ತೇನೆ, ದುಡ್ಡು ಬೇಡ. ಚಾ ಕೊಡುವ ಅಕ್ಕನನ್ನು ಮಾತ್ರ ಒಳಗೆ ಕೂರಿಸಬೇಕು, ಅವತ್ತಿನ ಸಂಬಳ ಕೊಟ್ಟು.

ಮತ್ತೆ ಒಂದು ವಿಷಯ ಹೋಗುವವರಿಗೆ: ಆದಿತ್ಯವಾರದ ಕೊನೆಯ ಭಾಷಣ ಆರೂವರೆಗೆ ಮುಗಿಯುತ್ತದೆ, ಪೆರ್ಲ ಕಡೆಗೆ ನಮ್ಮ ಕೊನೆಯ ಬಸ್ಸು ಆರೂ ಹತ್ತಕ್ಕೆ. ಪಾಯಸ ಮುಗಿಸಿ ಹೊರಡಿ.